ತೂಕದ ಮಷೀನ್ ಮೇಲೆ ಕಲಿತ ಮೂನ್‌ವಾಕ್

ಹೋದ ಗಣೇಶನ ಹಬ್ಬಕ್ಕೆ ನಮ್ಮ ಬೀದಿಯ ಸ್ಟೇಜ್ ಮೇಲೆ ಮೂನ್‌ವಾಕ್ ಮಾಡಿದೆ, ಮುಂದಕ್ಕೆ ನಡೆದ ಹಾಗೆ ಕಾಣುತ್ತಲೇ ಆರು ಹೆಜ್ಜೆ ಹಿಂದಕ್ಕೆ ಜಾರಿದೆ. ಆರೇ ಆರು, ಆದರೆ ಒಂದೂ ತಪ್ಪಲಿಲ್ಲ. ಕೆಳಗೆ ಕೂತಿದ್ದ ನಮ್ಮ ಹಳೇ ಡ್ಯಾನ್ಸ್ ಗ್ರೂಪಿನವರು ಎದ್ದು ನಿಂತು ಶಿಳ್ಳೆ ಹೊಡೆದರು. "ನಲವತ್ಮೂರಕ್ಕೆ ಮೂನ್‌ವಾಕ್ ಯಾಕೆ ಗುರು, ಸುಮ್ನೆ ಬೆಳಿಗ್ಗೆ ವಾಕಿಂಗ್ ಹೋಗು" ಅಂದಿದ್ದವರು ಇವರೇ. ಪ್ರಭುದೇವ ಹುಟ್ಟಿದ್ದು ನಮ್ಮ ಮೈಸೂರಿನಲ್ಲೇ ಅಂತ ನಾನು ಹೇಳಿದ್ದಕ್ಕೆ, "ನೀನೂ ಇಲ್ಲೇ ಹುಟ್ಟಿದ್ದು, ಏನಾಯ್ತು?" ಅಂದಿದ್ದರು.

ಒಂದು ಕಾಲಿನ ಹಿಮ್ಮಡಿ ಎತ್ತಿ ತುದಿಬೆರಳ ಮೇಲೆ ನಿಲ್ಲೋದು, ಇನ್ನೊಂದು ಪಾದವನ್ನು ಚಪ್ಪಟೆ ಇಟ್ಟು ಹಿಂದಕ್ಕೆ ಎಳೆಯೋದು ನಿಮಗೆಲ್ಲ ಗೊತ್ತೇ ಇದೆ. ಅದನ್ನು ಬಿಡುತ್ತೇನೆ. ಗೊತ್ತಿದ್ದೂ ಯಾಕೆ ಬರಲ್ಲ ಅನ್ನೋದೇ ನನ್ನ ಕಥೆ.

ಮೊದಲು ದುಡ್ಡು ಕಳೆದೆ. ಒಂದು ಕ್ಲಾಸಿಗೆ ಸೇರಿದೆ, ತಿಂಗಳಿಗೆ ಎರಡು ಸಾವಿರದ ಆಸುಪಾಸು, ಎರಡು ತಿಂಗಳು. ಮೇಷ್ಟ್ರು ಒಳ್ಳೆಯವರೇ. ಆದರೆ ಹತ್ತು ವರ್ಷದ ಮಕ್ಕಳ ಮಧ್ಯೆ ನಿಂತು ನಾನು ಕಲಿತದ್ದು ನಾಚಿಕೆ ಬಿಡೋದನ್ನು ಮಾತ್ರ. ಆಮೇಲೆ ತಪ್ಪು ಶೂದ್ದು ಅಂದುಕೊಂಡು ಸಾವಿರದ ಎಂಟುನೂರು ಕೊಟ್ಟು ಚರ್ಮದ ಅಟ್ಟೆಯ ಕಪ್ಪು ಶೂ ತಂದೆ. ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಪೌಡರ್ ಚೆಲ್ಲಿ ಶುರು ಮಾಡಿದೆ. ನಾನು ಜಾರಲಿಲ್ಲ, ಕಾಫಿ ತರುತ್ತಿದ್ದ ಅಮ್ಮ ಜಾರುತ್ತಿದ್ದರು! ಬಾಗಿಲು ಹಿಡಿದುಕೊಂಡು ಬಚಾವಾದರು. ಪೌಡರ್ ಪ್ರಯೋಗ ಅವತ್ತಿಗೇ ಮುಗಿಯಿತು.

ಆಗ ಸಿಕ್ಕಿದ್ದು ಬಿಲ್ ಬೈಲಿಯ ಹಳೇ ವಿಡಿಯೋ. ಅಮೆರಿಕದ ಟ್ಯಾಪ್ ಡ್ಯಾನ್ಸರ್. 1955ರ ಸುಮಾರಿನದು. ಕುಣಿತ ಮುಗಿಸಿ ಸ್ಟೇಜಿನಿಂದ ಹಿಂದಕ್ಕೆ ಜಾರಿಕೊಂಡೇ ಹೊರಟುಹೋಗುತ್ತಾರೆ. ಮೈಕಲ್ ಜಾಕ್ಸನ್ ಇದನ್ನು 1983ರಲ್ಲಿ ಟಿವಿಯಲ್ಲಿ ಮಾಡಿ ತೋರಿಸೋಕೆ ಎಷ್ಟೋ ವರ್ಷ ಮುಂಚೆ. ಆಗ ಇದಕ್ಕೆ ಮೂನ್‌ವಾಕ್ ಅನ್ನೋ ಹೆಸರೂ ಇರಲಿಲ್ಲ. ಆ ವಿಡಿಯೋವನ್ನು ಐವತ್ತು ಸಲವಾದರೂ ನೋಡಿರಬೇಕು. ಎಲ್ಲರೂ ಜಾರುವ ಕಾಲು ನೋಡುತ್ತಾರೆ. ನಾನು ನಿಂತ ಕಾಲು ನೋಡೋಕೆ ಶುರು ಮಾಡಿದೆ. ಮಂಡಿ ಬಗ್ಗಿಸಿ, ತುದಿಬೆರಳ ಮೇಲೆ ನಿಂತ ಆ ಕಾಲೇ ಇಡೀ ಮೈಯನ್ನು ಹೊತ್ತಿರುತ್ತದೆ. ಜಾರುವ ಕಾಲಿಗೆ ಕೆಲಸವೇ ಇಲ್ಲ.

ಸರಿ, ನನ್ನ ಜಾರುವ ಕಾಲಿನ ಮೇಲೆ ಎಷ್ಟು ಭಾರ ಬೀಳುತ್ತಿದೆ? ಮನೆಯಲ್ಲಿ ಮೇಲೆ ಹತ್ತಿ ನಿಲ್ಲುವ ತೂಕದ ಮಷೀನ್ ಇತ್ತು. ಚಪ್ಪಟೆ ಇಡುವ ಪಾದವನ್ನು ಅದರ ಮೇಲಿಟ್ಟೆ. ತುದಿಬೆರಳ ಕಾಲನ್ನು ಅಷ್ಟೇ ಎತ್ತರದ ಮರದ ಮಣೆಯ ಮೇಲಿಟ್ಟೆ. ಮುಳ್ಳು ನೋಡಿದರೆ ಮೂವತ್ತು ಕೆಜಿ! ನನ್ನ ಒಟ್ಟು ತೂಕವೇ ಎಪ್ಪತ್ತೆಂಟು. ಮೂವತ್ತು ಕೆಜಿ ಅಕ್ಕಿ ಮೂಟೆಯನ್ನು ನೆಲದ ಮೇಲೆ ಎಳೆದ ಹಾಗೆ ನನ್ನ ಕಾಲನ್ನೇ ಎಳೆಯುತ್ತಿದ್ದೆ. ಇನ್ನೆಲ್ಲಿ ಜಾರುತ್ತದೆ?

ಅಲ್ಲಿಂದ ಹದಿನೈದು ದಿನ ನಾನು ಒಂದು ಹೆಜ್ಜೆಯೂ ಹಿಂದೆ ಹೋಗಲಿಲ್ಲ. ಗೋಡೆ ಹಿಡಿದು ಮಷೀನ್ ಮೇಲೆ ನಿಲ್ಲೋದು, ಮುಳ್ಳು ಇಳಿಸೋದು, ಇಷ್ಟೇ. ಬೆಳಿಗ್ಗೆ ಇಪ್ಪತ್ತು ನಿಮಿಷ, ರಾತ್ರಿ ಇಪ್ಪತ್ತು. ಎಡಗಾಲು ಬೇಗ ಆರೇಳು ಕೆಜಿಗೆ ಇಳಿಯಿತು. ಬಲಗಾಲು ಮಾತ್ರ ಹದಿನೈದರ ಹತ್ತಿರವೇ ಮೊಂಡು ಹಿಡಿದು ಕೂತಿತ್ತು. ತಪ್ಪು ಅದರದ್ದಲ್ಲ. ಬಲಗಾಲು ಹಗುರ ಆಗಬೇಕಾದರೆ ಭಾರ ಹೊರಬೇಕಾದ್ದು ಎಡಗಾಲು, ನನ್ನ ಎಡ ಮೀನಖಂಡದಲ್ಲಿ ಶಕ್ತಿಯೇ ಇರಲಿಲ್ಲ. ಮೆಟ್ಟಿಲ ಅಂಚಿನಲ್ಲಿ ಎಡಗಾಲೊಂದರಲ್ಲೇ ನಿಂತು ಹಿಮ್ಮಡಿ ಏರಿಸಿ ಇಳಿಸಿದೆ, ದಿನಕ್ಕೆ ಅರವತ್ತು ಸಲ. ಮೂರನೇ ವಾರ ಬಲಗಾಲೂ ದಾರಿಗೆ ಬಂತು.

ಗ್ರೂಪಿನವರಿಗೆ ಮಷೀನ್ ವಿಷಯ ಹೇಳಿದಾಗ ಬಿದ್ದು ಬಿದ್ದು ನಕ್ಕರು. "ಗಾಡಿ ಕೊಳ್ಳುವವನು ಪೆಟ್ರೋಲ್ ನೆಕ್ಕಿ ನೋಡಿದ ಹಾಗಾಯ್ತು" ಅಂದ ಒಬ್ಬ. ಇರಲಿ.

ನೆಲಕ್ಕಿಳಿದ ದಿನ ಸಾಕ್ಸ್ ಹಾಕಿಕೊಂಡು ಮೊದಲ ಸಲ ನಿಜವಾಗಿ ಜಾರಿದೆ. ಆದರೆ ಮಗಳು ಪಕ್ಕದಿಂದ ಮೊಬೈಲಿನಲ್ಲಿ ತೆಗೆದದ್ದು ನೋಡಿದರೆ ತಲೆ ಕೋಳಿಯ ಹಾಗೆ ಮೇಲೆ ಕೆಳಗೆ! ಕನ್ನಡಿಯಲ್ಲಿ ಇದು ಕಾಣೋದೇ ಇಲ್ಲ. ಗೋಡೆಗೆ ಸೀಮೆಸುಣ್ಣದಲ್ಲಿ ತಲೆ ಮಟ್ಟಕ್ಕೆ ಗೆರೆ ಎಳೆದು ಮತ್ತೆ ಮತ್ತೆ ವಿಡಿಯೋ ಮಾಡಿಸಿದೆ. ಒಂದು ಹಿಮ್ಮಡಿ ಇಳಿಯೋದೂ ಇನ್ನೊಂದು ಏಳೋದೂ ಒಂದೇ ಏಟಿಗೆ ಆಗಬೇಕು. ನಂದು ಒಂದು ಇಳಿದ ಮೇಲೆ ಇನ್ನೊಂದು ಏಳುತ್ತಿತ್ತು.

ಸ್ಟೇಜ್ ಬೇರೆಯದೇ ಕಥೆ. ಹಿಂದಿನ ವರ್ಷ ಹಲಗೆ ಸಂದಿಗೆ ಶೂ ತುದಿ ಸಿಕ್ಕಿ ನೇರ ಕೀಬೋರ್ಡ್ ಮೇಲೆ ಬಿದ್ದಿದ್ದೆ. ರಿಪೇರಿಗೆ ಒಂದೂವರೆ ಸಾವಿರ ಕೊಟ್ಟಿದ್ದೇನೆ. ಈ ಸಲ ಪ್ಲೈವುಡ್ ಹಾಳೆಗೆ ಸನ್‌ಮೈಕಾ ಅಂಟಿಸಿಕೊಂಡು ಹೋದೆ, ಎಲ್ಲ ಸೇರಿ ಎರಡೂವರೆ ಸಾವಿರ ಚಿಲ್ಲರೆ ಆಯಿತು. ಶೂ ಅಟ್ಟೆಗೂ ಒಂದು ಕೆಲಸ ಮಾಡಿದ್ದೇನೆ. ಅದು ಏನು ಅಂತ ಹೇಳಲ್ಲ, ಇನ್ನೂ ಎರಡು ಹಬ್ಬ ನಾನೊಬ್ಬನೇ ಜಾರಬೇಕು. ಬೇಕಾದರೆ ಬಿಳಿ ಸಾಕ್ಸ್, ಗೇಣುದ್ದ ಮೇಲಿರುವ ಪ್ಯಾಂಟ್ ಹಾಕಿ. ಅರವತ್ತು ರೂಪಾಯಿ ಖರ್ಚು, ಕಣ್ಣೆಲ್ಲ ಪಾದಕ್ಕೇ ಹೋಗುತ್ತದೆ.

ಮಧ್ಯೆ ಇನ್ನೊಂದು ಹುಚ್ಚು ಹಿಡಿಯಿತು. ನಿಂತಲ್ಲೇ ಸುತ್ತು ಜಾರೋದು. ಎಡಕ್ಕೆ ಮುಕ್ಕಾಲು ಸುತ್ತು ಬರುತ್ತೆ, ಬಲಕ್ಕೆ ಕಾಲು ಗಂಟು ಬೀಳುತ್ತೆ. ಅದನ್ನೂ ಮಷೀನ್ ಮೇಲೆ ನಿಂತು ನೋಡೋಣ ಅಂತ ತಿರುಗಿದೆ, ಒಳಗೆ ಏನೋ ಲಟಕ್ ಅಂತು. ಈಗ ಯಾರೂ ಹತ್ತದಿದ್ದರೂ ನಾಲ್ಕು ಕೆಜಿ ತೋರಿಸುತ್ತಿದೆ. ಹೊಸದು ತಂದುಕೊಡಿ ಅಂತ ಮನೆಯವಳ ಗಲಾಟೆ.