ಬೆಳಕಿನ ಕತ್ತಿಯ ತುದಿ ಕೆಂಪಾಗುತ್ತಿತ್ತು: ಸರಿಹೋದದ್ದು ಹೀಗೆ

ಸ್ಟಾರ್ ವಾರ್ಸ್ ಸಿನಿಮಾದ ಲೈಟ್‌ಸೇಬರ್ ಥರ ಹೊಳೆಯುವ ಕತ್ತಿ ಇದು. ಬಿಳಿ ಬಣ್ಣ ಕೊಟ್ಟರೆ ಕತ್ತಿಯ ಬುಡ ಬೆಳ್ಳಗೆ, ತುದಿ ಕೆಂಪು. ಜೊತೆಗೆ ಕತ್ತಿಯ ಸದ್ದು ಹೊರಡಿಸುವ ಸೌಂಡ್ ಬೋರ್ಡ್ ಪದೇ ಪದೇ ರೀಸೆಟ್ ಆಗುತ್ತಿತ್ತು. ಒಳಗಿರುವುದು ಮೀಟರಿಗೆ 144 ಎಲ್‌ಇಡಿ ಇರುವ 5 ವೋಲ್ಟ್ ಪಟ್ಟಿ, ಉದ್ದ 1 ಮೀಟರ್.

ಪಟ್ಟಿ ಕೆಟ್ಟಿರಲಿಲ್ಲ. ಪೂರ್ತಿ ಬಿಳಿಯಲ್ಲಿ ಒಂದೊಂದು ಎಲ್‌ಇಡಿ ಸುಮಾರು 60 ಮಿಲಿಆಂಪ್ ಎಳೆಯುತ್ತದೆ, 144ಕ್ಕೆ 8.6 ಆಂಪ್. ಪಟ್ಟಿಯೊಳಗಿನ ತೆಳು ತಾಮ್ರಕ್ಕೆ ಇದು ವಿಪರೀತ ಹೊರೆ, ತುದಿ ಮುಟ್ಟುವಷ್ಟರಲ್ಲಿ ವೋಲ್ಟೇಜ್ ಕುಸಿಯುತ್ತದೆ. ಒಂದೊಂದು ಎಲ್‌ಇಡಿಯೊಳಗೂ ಕೆಂಪು, ಹಸಿರು, ನೀಲಿ ಮೂರೂ ಒಟ್ಟಿಗೆ ಉರಿದರೇ ಬಿಳಿ. ನೀಲಿ, ಹಸಿರಿಗೆ 3 ವೋಲ್ಟಿನ ಆಸುಪಾಸು ಬೇಕು. ಕೆಂಪಿಗೆ 2 ಸಾಕು. ಹಾಗಾಗಿ ಕೊನೆಗೆ ಉಳಿಯುವುದು ಕೆಂಪೇ. ಕತ್ತಿ ಉರಿಯುತ್ತಿರುವಾಗಲೇ ಬುಡದಲ್ಲೊಮ್ಮೆ, ತುದಿಯಲ್ಲೊಮ್ಮೆ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಅಳೆಯಿರಿ, ಆರಿಸಿ ಅಳೆದರೆ ಏನೂ ಗೊತ್ತಾಗುವುದಿಲ್ಲ.

20 ಗೇಜಿನ ಸಿಲಿಕೋನ್ ವೈರಿನ ಜೋಡಿಯನ್ನು ಪಟ್ಟಿಯ ಬೆನ್ನಿಗೆ ಓಡಿಸಿ, ತುದಿಯಲ್ಲೂ ಪ್ಲಸ್ ಮತ್ತು ಗ್ರೌಂಡ್ ಎರಡನ್ನೂ ಬೆಸುಗೆ ಹಾಕಿದೆ. ಒಂದನ್ನೇ ಹಾಕಿದರೆ ಅರ್ಧ ಕೆಲಸ. ಬಣ್ಣದ ಸಂಕೇತ ಒಯ್ಯುವ ಡೇಟಾ ವೈರ್ ಬುಡದಲ್ಲಿ ಮಾತ್ರ, 330 ಓಮ್ ರೆಸಿಸ್ಟರ್ ಮೂಲಕ. ಕೋಡಿನಲ್ಲಿ ಬ್ರೈಟ್‌ನೆಸ್ 40%ಕ್ಕೆ ಇಳಿಸಿದೆ. ಈಗ ಸುಮಾರು 3.5 ಆಂಪ್, ಕಣ್ಣಿಗೆ ಅಂಥ ವ್ಯತ್ಯಾಸವೇ ಇಲ್ಲ.

ಪಟ್ಟಿ ಒಮ್ಮೆಲೇ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು ಸೌಂಡ್ ಬೋರ್ಡ್ ರೀಸೆಟ್ ಆಗುತ್ತಿತ್ತು. ಅದು ನಿಂತದ್ದು ಬೋರ್ಡಿಗೆ ಪವರ್ ಮೂಲದಿಂದಲೇ ಪ್ರತ್ಯೇಕ ವೈರ್ ಕೊಟ್ಟು, ಪಟ್ಟಿಯ ಬುಡಕ್ಕೆ 1000 ಮೈಕ್ರೋಫ್ಯಾರಡ್, 10 ವೋಲ್ಟಿನ ಕೆಪಾಸಿಟರ್ ಹಾಕಿದ ಮೇಲೆ. ಕೆಪಾಸಿಟರಿನ ಗೆರೆಯಿರುವ ಬದಿಯ ಕಾಲು ಗ್ರೌಂಡಿಗೇ ಹೋಗಬೇಕು. ತುದಿಯ ಬೆಸುಗೆಗೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಲೇಬೇಕು, ಬೀಸಿದಾಗ ಏಟು ಬೀಳುವುದು ಅಲ್ಲಿಗೇ.