ಹ್ಯೂಸ್ಟನ್‌ಗೆ ಹೋಗುವವರೇ, ಕರೆಂಟ್ ಪ್ಲಾನ್ ತಗೊಳ್ಳುವ ಮುಂಚೆ

ಶಿರಸಿಯಲ್ಲಿ ಕರೆಂಟ್ ಯಾರ ಹತ್ತಿರ ತಗೊಳ್ಳಬೇಕು ಅಂತ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇರುವುದು ಹೆಸ್ಕಾಂ ಒಂದೇ. ದರ ನಿಗದಿ ಮಾಡುವುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ, ಕೆಇಆರ್‌ಸಿ. ಮೀಟರ್ ನೋಡುವವರು ಬಂದು ಬಿಲ್ ಹರಿದು ಕೊಟ್ಟು ಹೋಗುತ್ತಾರೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಲೈನ್‌ಮನ್‌ಗೆ ಫೋನ್. ಅಷ್ಟೇ ಅಲ್ವಾ?

ಮಗಳ ಬಾಣಂತನಕ್ಕೆ ಅಂತ ಅಮೆರಿಕದ ಟೆಕ್ಸಾಸ್‌ನ ಹ್ಯೂಸ್ಟನ್‌ಗೆ ಹೋಗಿದ್ದೆ. ಒಂದು ದಿನ ಅವಳು "ಆಯಿ, ಕರೆಂಟ್ ಕಂಪನಿ ಬದಲು ಮಾಡವು" ಅಂದಳು. ನನಗೆ ನಗು ಬಂತು. ಕಂಬ ಕಿತ್ತು ಬೇರೆ ಹುಗಿಯುತ್ತಾರಾ ಅಂತ ಕೇಳಿದೆ.

ಕಂಬ ಕೀಳುವುದಿಲ್ಲ. ಅಲ್ಲಿನ ವ್ಯವಸ್ಥೆ ನಮ್ಮ ಅಡಿಕೆ ದಲಾಲಿ ಇದ್ದ ಹಾಗೆ. ದಲಾಲರು ತೋಟ ಮಾಡುವುದಿಲ್ಲ, ಲಾರಿಯೂ ಅವರದ್ದಲ್ಲ. ಟೆಕ್ಸಾಸ್‌ನಲ್ಲಿ 2002ರ ಜನವರಿಯಿಂದ ಮನೆಗಳಿಗೆ ಕರೆಂಟ್ ಮಾರುವ ಕೆಲಸ ಹೀಗೇ ಬೇರೆಯಾಯಿತು. ಮಾರುವ ಕಂಪನಿ ಸಗಟಿನಲ್ಲಿ ಕೊಂಡು ನಿಮಗೆ ಬಿಲ್ ಕಳಿಸುತ್ತದೆ. ಕಂಬ, ತಂತಿ, ಮೀಟರ್ ಬೇರೆಯವರದ್ದು. ಹ್ಯೂಸ್ಟನ್‌ನಲ್ಲಿ ಸೆಂಟರ್‌ಪಾಯಿಂಟ್, ಡಲ್ಲಾಸ್‌ನಲ್ಲಿ ಆನ್‌ಕೋರ್. ಯಾವ ಕಂಪನಿಯ ಪ್ಲಾನ್ ತಗೊಂಡರೂ ಅದೇ ತಂತಿ, ಅದೇ ಕರೆಂಟ್. ಕರೆಂಟ್ ಹೋದರೆ ಫೋನ್ ಮಾಡಬೇಕಾದ್ದೂ ತಂತಿಯವರಿಗೆ, ಬಿಲ್ ಕಳಿಸುವವರಿಗಲ್ಲ. ಆಸ್ಟಿನ್, ಸ್ಯಾನ್ ಆಂಟೋನಿಯೋಗೆ ಹೋಗುವವರಿಗೆ ಈ ತಲೆನೋವೇ ಇಲ್ಲ. ಅಲ್ಲಿ ಊರಿನ ಆಡಳಿತದ್ದೇ ಕರೆಂಟ್, ನಮ್ಮ ಹಾಗೇ ಇರುವುದು ಒಂದೇ.

ಈಗ ನಾವು ಎಡವಿದ ಕಥೆ. ಮಗಳು ತಗೊಂಡಿದ್ದು "ಯೂನಿಟ್‌ಗೆ 9.4 ಸೆಂಟ್" ಅಂತ ದೊಡ್ಡದಾಗಿ ಬರೆದಿದ್ದ ಪ್ಲಾನ್. ಚಳಿಗಾಲ, ಮಗುವಿಗೆ ಎಣ್ಣೆ ಸ್ನಾನ, ಬಾಣಂತಿಗೆ ಬಿಸಿನೀರು, ಎಲ್ಲಾ ಕರೆಂಟಿನಲ್ಲೇ. ನಾನು ಸುಮ್ನೆ ಇರುವವಳಲ್ಲ. ಕೋಣೆ ಕೋಣೆಗೆ ಹೋಗಿ ಲೈಟ್ ಆರಿಸುತ್ತಿದ್ದೆ. "ಆಯಿ, ಆರ್ಸಡ, ಇರ್ಲಿ ಬಿಡು" ಅಂದರೂ ಕೇಳಲಿಲ್ಲ. ತಿಂಗಳ ಕೊನೆಗೆ 960 ಯೂನಿಟ್. ಬಿಲ್ 186 ಡಾಲರ್ 40 ಸೆಂಟ್!

ನಾನು ಸೊಸೈಟಿಯಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದವಳು. 9.4ರಿಂದ ಗುಣಿಸಿದರೆ 90 ಡಾಲರ್ ಚಿಲ್ಲರೆ ಬರಬೇಕು. ಪ್ಲಾನಿನ ಕಾಗದ ತೆಗೆಸಿದೆ. ಕರೆಂಟಿಗೆ ಯೂನಿಟ್‌ಗೆ 14 ಸೆಂಟ್, ತಂತಿಯವರಿಗೆ 5 ಸೆಂಟ್, ಅದರ ಮೇಲೆ ತಿಂಗಳಿಗೆ 4 ಡಾಲರ್. 1,000 ಯೂನಿಟ್ ಮುಟ್ಟಿದರೆ 100 ಡಾಲರ್ ಮಾಫಿ. ಅಂದರೆ 1,000 ಯೂನಿಟ್‌ಗೆ 194 ಆಗಿ, ಅದರಲ್ಲಿ 100 ಕಳೆದು 94. ಆ 9.4 ಹುಟ್ಟಿದ್ದು ಅಲ್ಲಿ. ಇನ್ನು 40 ಯೂನಿಟ್ ಸುಟ್ಟಿದ್ದರೆ ಬಿಲ್ ಅರ್ಧಕ್ಕೆ ಇಳಿಯುತ್ತಿತ್ತು. ಲೈಟ್ ಆರಿಸಿದ್ದಕ್ಕೆ ದಂಡ! ಅಳಿಯ ಏನೂ ಹೇಳಲಿಲ್ಲ ಪಾಪ, ಆದರೆ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಹಾಗಾಗಿ ಮೊದಲು ನೋಡಬೇಕಾದ್ದು ಕಂಪನಿಯ ಹೆಸರಲ್ಲ, ನಿಮ್ಮ ಮನೆ ತಿಂಗಳಿಗೆ ಎಷ್ಟು ಯೂನಿಟ್ ಸುಡುತ್ತದೆ ಅನ್ನುವುದು. ಹಳೇ ಬಿಲ್ ಇದ್ದರೆ ಹನ್ನೆರಡು ತಿಂಗಳದ್ದು ಬರೆದುಕೊಳ್ಳಿ. ಇಲ್ಲದಿದ್ದರೆ ಸ್ಮಾರ್ಟ್ ಮೀಟರ್ ಟೆಕ್ಸಾಸ್ ಎಂಬ ತಾಣದಲ್ಲಿ ಹೆಸರು ನೋಂದಾಯಿಸಿ, ದಿನ ದಿನದ ಲೆಕ್ಕ ಸಿಗುತ್ತದೆ. ಅಲ್ಲಿ ಬೇಸಿಗೆ ಬೇರೆ, ಚಳಿಗಾಲ ಬೇರೆ. ಎಸಿ ಓಡುವ ಆಗಸ್ಟ್ ಒಂದನ್ನೇ ನೋಡಿ ಲೆಕ್ಕ ಹಾಕಬೇಡಿ.

ಆಮೇಲೆ ಪವರ್ ಟು ಚೂಸ್. ಟೆಕ್ಸಾಸ್‌ನ ಪಬ್ಲಿಕ್ ಯುಟಿಲಿಟಿ ಕಮಿಷನ್ ಎಂಬ ಸರ್ಕಾರಿ ಆಯೋಗ ನಡೆಸುವ ತಾಣ ಅದು, ದಲಾಲರದ್ದಲ್ಲ. ಪಿನ್‌ಕೋಡ್ ಹಾಕಿದರೆ ಪ್ಲಾನುಗಳ ದೊಡ್ಡ ಪಟ್ಟಿ ಬರುತ್ತದೆ. ಮೇಲಿರುವುದನ್ನೇ ಒತ್ತಬೇಡಿ. ಪ್ರತಿ ಪ್ಲಾನಿಗೂ ಎಲೆಕ್ಟ್ರಿಸಿಟಿ ಫ್ಯಾಕ್ಟ್ಸ್ ಲೇಬಲ್ ಅಂತ ಒಂದು ಹಾಳೆ ಇರಲೇಬೇಕು. ಅದರಲ್ಲಿ 500, 1,000, 2,000 ಯೂನಿಟ್‌ಗೆ ಸರಾಸರಿ ದರ ಇರುತ್ತದೆ. ಮೂರೂ ಹತ್ತಿರ ಹತ್ತಿರ ಇದ್ದರೆ ಪ್ಲಾನ್ ಸರಳ. ನಮ್ಮದರಲ್ಲಿ 500ಕ್ಕೆ 19.8, 1,000ಕ್ಕೆ 9.4, 2,000ಕ್ಕೆ 14.2 ಇತ್ತು. ಹೀಗೆ ಮಧ್ಯದಲ್ಲಿ ಹೊಂಡ ಬಿದ್ದಿದ್ದರೆ ಕೆಳಗಿನ ಸಣ್ಣ ಅಕ್ಷರ ಓದಿ. ನಿಮ್ಮ ಹನ್ನೆರಡು ತಿಂಗಳ ಯೂನಿಟ್ ಅದಕ್ಕೆ ಹಾಕಿ, ಕೂಡಿಸಿ. ಅರ್ಧ ಗಂಟೆಯ ಕೆಲಸ.

"ರಾತ್ರಿ ಕರೆಂಟ್ ಫ್ರೀ" ಅನ್ನುವವರೂ ಇದ್ದಾರೆ. ಹಗಲಿನ ದರ ನೋಡಿ, ಫ್ರೀ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಬಾಣಂತಿ ಇರುವ ಮನೆಗಂತೂ ಅದು ಬೇಡ.

ದರ ಫಿಕ್ಸೆಡ್ ಇರಲಿ. 2021ರ ಫೆಬ್ರವರಿಯ ಹಿಮಬಿರುಗಾಳಿಯಲ್ಲಿ ಅಲ್ಲಿ ಸಗಟು ದರ ಯೂನಿಟ್‌ಗೆ 9 ಡಾಲರ್ ಮುಟ್ಟಿತ್ತು. ಸಗಟು ದರದ ಪ್ಲಾನ್ ತಗೊಂಡಿದ್ದ ಮನೆಗಳಿಗೆ ಸಾವಿರಾರು ಡಾಲರ್ ಬಿಲ್ ಬಂತು. ಅದೇ ವರ್ಷ ಮನೆಗಳಿಗೆ ಅಂಥ ಪ್ಲಾನ್ ಮಾರುವುದನ್ನು ಕಾನೂನು ತಂದು ನಿಲ್ಲಿಸಿದರು. ಆದರೆ ತಿಂಗಳು ತಿಂಗಳು ದರ ಬದಲಾಗುವ ಪ್ಲಾನುಗಳು ಇನ್ನೂ ಇವೆ.

ಹೊಸದಾಗಿ ಹೋದವರಿಗೆ ಕ್ರೆಡಿಟ್ ಹಿಸ್ಟರಿ, ಅಂದರೆ ಸಾಲ ಸರಿಯಾಗಿ ತೀರಿಸಿದ ಹಳೇ ದಾಖಲೆ, ಇರುವುದಿಲ್ಲ, ಡಿಪಾಸಿಟ್ ಕೇಳಬಹುದು. ಸ್ವಲ್ಪ ದುಡ್ಡು ಎತ್ತಿಟ್ಟುಕೊಳ್ಳಿ.

ಕರಾರು ಮುಗಿಯುವ ಮುಂಚೆ ಬಿಟ್ಟರೆ ದಂಡ ಇರುತ್ತದೆ, ಎಷ್ಟು ಅಂತ ಆ ಹಾಳೆಯಲ್ಲೇ ಬರೆದಿರುತ್ತದೆ. ಮನೆ ಖಾಲಿ ಮಾಡಿ ಬೇರೆ ಕಡೆ ಹೋಗುವುದಾದರೆ ಹೊಸ ವಿಳಾಸ ತೋರಿಸಿ, ದಂಡ ಹಾಕುವಂತಿಲ್ಲ. ಕರಾರಿನ ಕೊನೆಯ 14 ದಿನದಲ್ಲಿ ಕಂಪನಿ ಬದಲಿಸಿದರೂ ದಂಡ ಇಲ್ಲ. ಸುಮ್ಮನೆ ಕೂತರೆ ಮಾತ್ರ ತಾನಾಗಿ ತಿಂಗಳ ದರಕ್ಕೆ ಹೋಗುತ್ತದೆ, ಅದು ಸಾಮಾನ್ಯವಾಗಿ ಜಾಸ್ತಿಯೇ. ಮಗಳ ಫ್ರಿಜ್ ಮೇಲೆ ಆ ತಾರೀಕು ಬರೆದು ಅಂಟಿಸಿ ಬಂದಿದ್ದೇನೆ. ಇಲ್ಲಿ ನಮ್ಮ ಅಡುಗೆಮನೆ ಕ್ಯಾಲೆಂಡರ್‌ನಲ್ಲೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದೇನೆ. ಅವಳು ಮರೆಯುತ್ತಾಳೆ, ಗೊತ್ತು ನನಗೆ.