ಲೂಪ್ ಇಲ್ಲದ ಸೆಮಿಸ್ಟರ್

ಪಿಯುಸಿಯಲ್ಲೇ ಸಿ++ ಬರೆದು ಬಂದಿದ್ದೆ. ಹಾಗಾಗಿ ವಿಶ್ವವಿದ್ಯಾಲಯದ ಮೊದಲ ಪ್ರೋಗ್ರಾಮಿಂಗ್ ಕೋರ್ಸು ಸಲೀಸು ಅಂದುಕೊಂಡಿದ್ದೆ. ಮೊದಲ ಲ್ಯಾಬಿನಲ್ಲೇ, ಪ್ರೋಗ್ರಾಂ ಬರೆದು ಓಡಿಸುವ ತಂತ್ರಾಂಶ ಡಾಕ್ಟರ್ ರ‍್ಯಾಕೆಟ್ ಹಾಕಿಕೊಳ್ಳಿ ಅಂದರು. ಸೀನಿಯರ್ ಕೊಟ್ಟ ಹಳೇ ನೋಟ್ಸಿನಲ್ಲಿ ಡಾಕ್ಟರ್ ಸ್ಕೀಮ್ ಅಂತಿತ್ತು; 2010ರಲ್ಲೇ ಹೆಸರು ಬದಲಾಗಿದ್ದು ಗೊತ್ತಿಲ್ಲದೆ ಅರ್ಧ ಗಂಟೆ ಅದನ್ನೇ ಹುಡುಕಿದೆ.

ಕಲಿಯುವವರಿಗೆಂದೇ ಮಾಡಿದ ಅದರ ಪುಟ್ಟ ಭಾಷೆಯಲ್ಲಿ ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಲೂಪುಗಳಾದ ಫಾರ್ ಇಲ್ಲ, ವೈಲ್ ಇಲ್ಲ, ಒಂದು ಹೆಸರಿಗೆ ಒಮ್ಮೆ ಕೊಟ್ಟ ಬೆಲೆಯನ್ನು ಆಮೇಲೆ ಬದಲಿಸುವ ಹಾಗೂ ಇಲ್ಲ. ಮೂರಕ್ಕೆ ನಾಲ್ಕು ಕೂಡಿಸಿ ದುಪ್ಪಟ್ಟು ಮಾಡಬೇಕಾದರೆ (* 2 (+ 3 4)). ಈ ಆವರಣಗಳು ಒಂದು ವಾರದಲ್ಲಿ ಕೈಗೆ ಹತ್ತಿದವು. ಡಿಸೈನ್ ರೆಸಿಪಿ, ಅಂದರೆ ಪ್ರೋಗ್ರಾಂ ಬರೆಯುವ ಹಂತಗಳ ಕ್ರಮ, ಹತ್ತಲಿಲ್ಲ. ಡೇಟಾ ಹೇಗಿದೆ ಅಂತ ಮಾತಿನಲ್ಲಿ ಬರೆ, ಫಂಕ್ಷನ್ ಏನು ತಗೊಂಡು ಏನು ಕೊಡುತ್ತೆ ಬರೆ, ಉದಾಹರಣೆ ಬರೆ, ಡೇಟಾಗೆ ಒಪ್ಪುವ ಖಾಲಿ ಚೌಕಟ್ಟು (ಟೆಂಪ್ಲೇಟ್) ಹಾಕು, ಕೋಡ್ ಆಮೇಲೆ. ನಾನೋ ಕೋಡ್ ಮುಗಿಸಿ, ಸಬ್ಮಿಟ್ ಮಾಡುವ ರಾತ್ರಿ ಉಳಿದದ್ದನ್ನೆಲ್ಲ ಮೇಲೆ ತುಂಬುತ್ತಿದ್ದೆ. ಮದುವೆ ಆದಮೇಲೆ ಲಗ್ನಪತ್ರಿಕೆ ಅಚ್ಚು ಹಾಕಿಸಿದಂತೆ.

ಸಿಕ್ಕಿಬಿದ್ದದ್ದು ತಾಪಮಾನದ ಪಟ್ಟಿಯಲ್ಲಿ. ಗರಿಷ್ಠ ಹುಡುಕಬೇಕು. ಪಟ್ಟಿ ಖಾಲಿಯಿದ್ದರೆ 0, ಇಲ್ಲದಿದ್ದರೆ ಮೊದಲನೆಯದನ್ನು ಉಳಿದವುಗಳ ಗರಿಷ್ಠದ ಜೊತೆ ಹೋಲಿಸಿ ದೊಡ್ಡದು ಅಂತ ಬರೆದೆ. 31, 28, 34 ಕೊಟ್ಟರೆ 34 ಬಂತು. ಲ್ಯಾಬಿನ ಟಿಎ (ಬೋಧನಾ ಸಹಾಯಕರು) ಏನೂ ಮಾತಾಡದೆ -3, -7 ಟೈಪ್ ಮಾಡಿದರು. 0 ಬಂತು. ಪಟ್ಟಿಯಲ್ಲೇ ಇಲ್ಲದ ಸಂಖ್ಯೆ! ಸೊನ್ನೆ ಅಳಿಸಿ -1000 ಹಾಕಿದೆ. ನಕ್ಕುಬಿಟ್ಟರು.

“ಖಾಲಿ ಪಟ್ಟಿಯಲ್ಲಿ ದೊಡ್ಡದು ಯಾವುದು ಹೇಳಿ?”

“ಯಾವುದೂ ಇಲ್ಲ ಸರ್.”

“ಮತ್ತೆ ಅದನ್ನ ಯಾಕೆ ಒಳಗೆ ಬಿಟ್ಟುಕೊಂಡ್ರಿ?”

ಮೇಲಿನ ವಿವರಣೆಗೆ ಹೋದೆ. ಪಟ್ಟಿ ಅಂದರೆ ಒಂದೇ ಸಂಖ್ಯೆ ಇರುವುದು. ಇಲ್ಲವೇ ಒಂದು ಸಂಖ್ಯೆ, ಅದರ ಹಿಂದೆ ಇಂಥದ್ದೇ ಇನ್ನೊಂದು ಪಟ್ಟಿ. ಇಷ್ಟು ತಿದ್ದಿದ ಮೇಲೆ ಫಂಕ್ಷನ್ನಿನ ಎರಡು ಕವಲಲ್ಲಿ ಏನು ಬರೆಯಬೇಕೆಂದು ಯೋಚಿಸುವುದೇ ಉಳಿಯಲಿಲ್ಲ.

ಎಂಟನೇ ವಾರ ವಂಶವೃಕ್ಷ ಬಂತು. ಒಬ್ಬ ವ್ಯಕ್ತಿಗೆ ಅಪ್ಪ, ಅಮ್ಮ. ಇಬ್ಬರದೂ ಮತ್ತೆ ವಂಶವೃಕ್ಷವೇ. ವಿವರಣೆಯಲ್ಲಿ ವಂಶವೃಕ್ಷ ಎರಡು ಸಲ ಬರುವುದರಿಂದ ಫಂಕ್ಷನ್ ತನ್ನನ್ನೇ ಎರಡು ಸಲ ಕರೆಯಬೇಕು. ಎಷ್ಟು ತಲೆಮಾರು? ಆ ಎರಡರಲ್ಲಿ ದೊಡ್ಡದಕ್ಕೆ ಒಂದು ಕೂಡಿಸು, ಗೊತ್ತಿಲ್ಲದವರಿಗೆ 0. ಅಷ್ಟೇ. ನಂಬಿಕೆಯಾಗದೆ ರೂಮಿಗೆ ಬಂದು ಇದನ್ನೇ ಸಿ++ ಲೂಪಿನಲ್ಲಿ ಬರೆಯಲು ಹಟ ಹಿಡಿದು ಕೂತೆ. ಇನ್ನೂ ನೋಡದ ಕೊಂಬೆಗಳನ್ನು ನೆನಪಿಡಲು ಸ್ಟ್ಯಾಕ್, ಅಂದರೆ ಒಂದರ ಮೇಲೊಂದು ಪೇರಿಸಿಟ್ಟ ಪಟ್ಟಿ, ಕಟ್ಟಬೇಕಾಯಿತು. ಒಂದೂವರೆ ಪುಟ ತುಂಬಿದಾಗ ಮೆಸ್ಸಿನಲ್ಲಿ ಊಟ ಮುಗಿದಿತ್ತು.